ಅಜ್ಜಿ ಹೋದಾಗ ಬಾರದ ಅಳು ಅನಿಮೆ ನೋಡುವಾಗ ಬಂತು, ಇದು ಕಾಯಿಲೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 31 ವರ್ಷ. ಊರು ತಿಪಟೂರಿನ ಹತ್ತಿರದ ಹಳ್ಳಿ, ಕೆಲಸ ಬೆಂಗಳೂರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಸಾಕಿದವರು ಅಜ್ಜಿ. ಕಳೆದ ವರ್ಷ ಅವರು ತೀರಿಕೊಂಡರು. ಆ ದಿನ ಶಾಮಿಯಾನದವರಿಗೆ ಫೋನ್ ಮಾಡಿದ್ದು, ಫ್ರೀಜರ್ ಪೆಟ್ಟಿಗೆ ತರಿಸಿದ್ದು, ಮಾವಂದಿರನ್ನು ರೈಲು ನಿಲ್ದಾಣದಿಂದ ಕರೆತಂದಿದ್ದು ಎಲ್ಲವೂ ನಾನೇ. ಹನ್ನೊಂದನೇ ದಿನದ ಅಡುಗೆಯವರ ಲೆಕ್ಕವನ್ನೂ ನಾನೇ ಬರೆದೆ. ಒಂದು ಹನಿ ಕಣ್ಣೀರು ಬರಲಿಲ್ಲ. ‘ಇವನದು ಕಲ್ಲು ಮನಸ್ಸು’ ಎಂದು ಚಿಕ್ಕಮ್ಮ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು.

ಎರಡು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರು ಹೇಳಿದರೆಂದು ‘ವೈಲೆಟ್ ಎವರ್‌ಗಾರ್ಡನ್’ ಎಂಬ ಜಪಾನಿ ಅನಿಮೆ, ಅಂದರೆ ಬರೆದ ಚಿತ್ರಗಳ ಆನಿಮೇಷನ್ ಸರಣಿ ನೋಡಿದೆ. ಹತ್ತನೇ ಕಂತು ಮುಗಿದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ‘ಕ್ಲಾನಾಡ್’, ಅದರ ಮುಂದುವರಿಕೆ ‘ಆಫ್ಟರ್ ಸ್ಟೋರಿ’. ಅದರ ಹದಿನೆಂಟನೇ ಕಂತಿನಲ್ಲಿ ಅಳು ತಡೆಯಲಾಗದೆ ಹೆಂಡತಿಗೆ ಸಿಕ್ಕಿಬಿದ್ದೆ. ಅವಳು ಗಾಬರಿಯಾದಳು. ಅಣ್ಣ ‘ಬೊಂಬೆ ನೋಡಿ ಅಳುತ್ತೀಯಲ್ಲೋ’ ಎಂದು ನಕ್ಕ. ಸರಣಿ ಮುಗಿದ ಮೇಲೆ ಒಂದು ವಾರ ಏನೋ ಕಳೆದುಕೊಂಡ ಹಾಗಿತ್ತು. ಇದು ಖಿನ್ನತೆಯೇ? ಸ್ವಂತ ಅಜ್ಜಿಗೆ ಬಾರದ ಕಣ್ಣೀರು ಬರೆದ ಚಿತ್ರಕ್ಕೆ ಬಂತೆಂದರೆ ನನ್ನಲ್ಲೇ ಏನಾದರೂ ದೋಷವಿದೆಯೇ? ಇವನ್ನೆಲ್ಲ ಅಳಿಸುವುದಕ್ಕೆಂದೇ ಲೆಕ್ಕ ಹಾಕಿ ಮಾಡುತ್ತಾರಂತೆ, ಹೌದೇ? ನೋಡುವುದನ್ನು ನಿಲ್ಲಿಸಬೇಕೇ? ಅಮ್ಮನಿಗೂ ತೋರಿಸೋಣ ಎಂದುಕೊಂಡಿದ್ದೆ, ಈಗ ಧೈರ್ಯವಾಗುತ್ತಿಲ್ಲ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಅವುಗಳ ಅಡಿಯಲ್ಲಿರುವ ಅಳುಕು ಒಂದೇ. ಅಜ್ಜಿಗಾಗಿ ಅಳದವನು ಬೊಂಬೆಗಾಗಿ ಅತ್ತೆನಲ್ಲ, ನಾನು ಎಂಥವನು? ಚಿಕ್ಕಮ್ಮನ ಮಾತು ಇನ್ನೂ ನಿಮ್ಮೊಳಗೆ ಕೂತಿದೆ. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಒಂದು ಮಾತು: ನಾನೂ ಈ ಸರಣಿಗಳನ್ನು ನೋಡುವವಳು. ನೀವು ಹೆಸರಿಸಿದ ಎರಡನ್ನೂ ನೋಡಿದ್ದೇನೆ, ಎರಡರಲ್ಲೂ ಅತ್ತಿದ್ದೇನೆ. ಕಥೆಯ ತಿರುವುಗಳನ್ನು ಬಿಚ್ಚಿಡದೆ ನಿಮಗೆ ಉತ್ತರ ಹೇಳಲು ಬರುವುದಿಲ್ಲ. ಇನ್ನೂ ನೋಡಬೇಕೆಂದಿರುವ ಓದುಗರು ಇದನ್ನು ಆಮೇಲೆ ಓದಬಹುದು.

ದುಃಖ ಎಷ್ಟು ದೊಡ್ಡದೋ ಕಣ್ಣೀರು ಅಷ್ಟು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಸಾವಿನ ಮನೆಯಲ್ಲಿ ಯಾರು ಎಷ್ಟು ಅತ್ತರೆಂದು ಲೆಕ್ಕವಿಡುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ಸಮಾಲೋಚನೆಯ ಕೋಣೆಯಲ್ಲಿ ನಾನು ಕಾಣುವುದು ಬೇರೆ. ಅಪಘಾತದ ಸುದ್ದಿ ಕೇಳಿದ ತಾಯಿ ಮೊದಲು ಅಳುವುದಿಲ್ಲ, ಆಸ್ಪತ್ರೆಗೆ ಓಡುತ್ತಾಳೆ, ರಕ್ತ ಹೊಂದಿಸುತ್ತಾಳೆ, ಕಾಗದಗಳಿಗೆ ಸಹಿ ಹಾಕುತ್ತಾಳೆ. ಮಗುವಿಗೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ ಕ್ಷಣ ಕುಸಿದು ಕುಳಿತು ಅಳುತ್ತಾಳೆ. 1979ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ದೊಡ್ಡವರು ಏಕೆ ಅಳುತ್ತಾರೆ ಎಂಬುದಕ್ಕೆ ಕೊಟ್ಟ ವಿವರಣೆ ಇದಕ್ಕೆ ಹೊಂದುತ್ತದೆ. ಅದರ ಪ್ರಕಾರ ಮೊದಲು ಮನಸ್ಸು ಬಿಗಿಯುತ್ತದೆ, ಆಮೇಲೆ ಏನೋ ಒಂದು ಆ ಬಿಗಿಯನ್ನು ಸಡಿಲಿಸುತ್ತದೆ, ಕಣ್ಣೀರು ಬರುವುದು ಆ ಎರಡನೆಯ ಹಂತದಲ್ಲಿ. ಎಲ್ಲ ಅಳುವಿಗೂ ಈ ವಿವರಣೆ ಸಾಲದು. ನಿಮ್ಮ ಅಳುವಿಗೆ ಸಾಕು.

ಅಜ್ಜಿ ಹೋದ ದಿನ ನಿಮ್ಮ ಕೈಯಲ್ಲಿ ಫೋನ್ ಇತ್ತು, ಜೇಬಿನಲ್ಲಿ ಪಟ್ಟಿ ಇತ್ತು. ಆ ಮನೆ ನಡೆಯುತ್ತಿದ್ದದ್ದು ನೀವು ಅಳದೇ ಇದ್ದುದರಿಂದ. ಹನ್ನೊಂದು ದಿನ ಬಿಗಿದು ನಿಂತ ಮನಸ್ಸಿಗೆ ‘ಇನ್ನು ಸಾಕು, ಬಿಡು’ ಎಂದು ಯಾರೂ ಹೇಳಲಿಲ್ಲ. ಅದಾಗಿ ವರ್ಷ ಕಳೆದ ಮೇಲೆ, ರಾತ್ರಿ, ಯಾರ ಊಟದ ಚಿಂತೆಯೂ ಇಲ್ಲದ ಹೊತ್ತಿನಲ್ಲಿ ಪರದೆಯ ಮೇಲಿನ ಒಂದು ಕಥೆ ಅದನ್ನು ಹೇಳಿತು. ಕಲ್ಲು ಮನಸ್ಸಿನವರಿಗೆ ಆ ಕಥೆ ತಟ್ಟುವುದೇ ಇಲ್ಲ. ನಿಮ್ಮ ಚಿಕ್ಕಮ್ಮ ಹೇಳಿದ್ದು ತಪ್ಪು.

ನೀವು ಅತ್ತ ಎರಡು ಕಂತುಗಳನ್ನು ಇದೇ ದೃಷ್ಟಿಯಿಂದ ಮತ್ತೊಮ್ಮೆ ನೋಡಿ. ಎರಡೂ ಒಂದೇ ಸ್ಟುಡಿಯೋದ ಕೆಲಸ: ಕ್ಯೋಟೋ ಆನಿಮೇಷನ್. ‘ಆಫ್ಟರ್ ಸ್ಟೋರಿ’ ಪ್ರಸಾರವಾದದ್ದು 2008-09ರಲ್ಲಿ, ‘ವೈಲೆಟ್’ 2018ರಲ್ಲಿ. ನಡುವೆ ಹತ್ತು ವರ್ಷ, ನಿರ್ದೇಶಕರೂ ಬೇರೆ. ಆದರೂ ಎರಡು ಕಂತುಗಳ ಒಳಗುಟ್ಟು ಒಂದೇ.

‘ಆಫ್ಟರ್ ಸ್ಟೋರಿ’ಯ ತೊಮೊಯಾ ಹೆಂಡತಿ ನಗೀಸಳನ್ನು ಹೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಮಗು ಉಶಿಯೊಳನ್ನು ಅತ್ತೆ ಮಾವನ ಬಳಿ ಬಿಟ್ಟು ಐದು ವರ್ಷ ಕೆಲಸದಲ್ಲಿ ಮುಳುಗಿರುತ್ತಾನೆ. ಅಪ್ಪ ಮಗಳಿಬ್ಬರನ್ನೇ ಒಂದು ಪ್ರವಾಸಕ್ಕೆ ಕಳಿಸುವ ಉಪಾಯ ಅತ್ತೆ ಸನಾಯೆಯದು. ದಾರಿಯಲ್ಲಿ ಅವನು ಮಗಳಿಗೆ ಒಂದು ಅಗ್ಗದ ರೋಬೋ ಆಟಿಕೆ ಕೊಡಿಸುತ್ತಾನೆ. ಹೂವಿನ ಹೊಲದಲ್ಲಿ ಆಡುತ್ತಾ ಅವಳು ಅದನ್ನು ಕಳೆದುಕೊಳ್ಳುತ್ತಾಳೆ. ಇನ್ನೊಂದು ಕೊಡಿಸುತ್ತೇನೆ ಬಾ ಎಂದರೆ ಬರುವುದಿಲ್ಲ, ಹುಡುಕುತ್ತಲೇ ಇರುತ್ತಾಳೆ. ಅಪ್ಪ ಆರಿಸಿ ಕೊಡಿಸಿದ ಮೊದಲ ವಸ್ತು ಅದು. ಇದೇ ಊರಿನ ಸಮುದ್ರದ ಅಂಚಿನಲ್ಲಿ ತೊಮೊಯಾನಿಗೆ ತನ್ನ ಅಜ್ಜಿ ಸಿಗುತ್ತಾಳೆ. ತಾನು ಜೀವಮಾನವಿಡೀ ದ್ವೇಷಿಸಿದ ಅಪ್ಪನೂ ಹೆಂಡತಿ ಸತ್ತ ಮೇಲೆ ಒಬ್ಬನೇ ತನ್ನನ್ನು ಹೇಗೆ ಸಾಕಿದನೆಂದು ಅವಳ ಬಾಯಿಂದ ತಿಳಿಯುತ್ತದೆ. ಹೊಲಕ್ಕೆ ಮರಳಿ ಮಗಳ ಮುಂದೆ ಕೂತು, ಇನ್ನು ಮುಂದೆ ನಿನ್ನ ಜೊತೆಗೇ ಇರುತ್ತೇನೆ ಎನ್ನುತ್ತಾನೆ. ಆಗ ಆ ಐದು ವರ್ಷದ ಕೂಸು ಕೇಳುವುದು, ಇನ್ನು ತಡೆದುಕೊಳ್ಳಬೇಕಾಗಿಲ್ಲವೇ ಎಂದು. ಅಳುವುದಕ್ಕೆ ಎರಡೇ ಜಾಗ, ಒಂದು ಶೌಚಾಲಯ, ಇನ್ನೊಂದು ಅಪ್ಪನ ಎದೆ ಎಂದು ಸನಾಯೆ ಅವಳಿಗೆ ಹೇಳಿಕೊಟ್ಟಿರುತ್ತಾಳೆ.

ಗಮನಿಸಿ, ಈ ದೃಶ್ಯದಲ್ಲಿ ಯಾರೂ ಸಾಯುವುದಿಲ್ಲ. ನಗೀಸ ಸತ್ತದ್ದು ಕೆಲವು ಕಂತುಗಳ ಹಿಂದೆ. ಅಲ್ಲಿ ನಿಮಗೆ ಎದೆ ಭಾರವಾಗಿದ್ದಿರಬಹುದು, ಕಣ್ಣೀರಿನ ಕಟ್ಟೆ ಒಡೆದದ್ದು ಇಲ್ಲಿ. ಮಗುವಿಗೆ ಅಳಲು ಅನುಮತಿ ಸಿಕ್ಕಿತು, ಅದರ ಜೊತೆಗೆ ನಿಮಗೂ ಸಿಕ್ಕಿತು.

‘ವೈಲೆಟ್’ನ ಹತ್ತನೇ ಕಂತಿನಲ್ಲಿ ಕಾಯಿಲೆ ಬಿದ್ದ ತಾಯಿಯೊಬ್ಬಳು ಪತ್ರ ಬರೆಸಲು ವೈಲೆಟ್‌ಳನ್ನು ಏಳು ದಿನ ಮನೆಗೆ ಕರೆಸಿಕೊಳ್ಳುತ್ತಾಳೆ. ಯುದ್ಧದಲ್ಲಿ ತೋಳು ಕಳೆದುಕೊಂಡು ಲೋಹದ ಕೈಗಳಿಂದ ಬೆರಳಚ್ಚು ಮಾಡುವ ಹುಡುಗಿ ವೈಲೆಟ್. ಅಮ್ಮನಿಗೆ ಉಳಿದಿರುವ ಹೊತ್ತನ್ನು ಈ ಪತ್ರಗಳು ತಿನ್ನುತ್ತಿವೆ ಎಂದು ಏಳು ವರ್ಷದ ಮಗಳು ಆನ್‌ಗೆ ಸಿಟ್ಟು. ಪತ್ರಗಳು ಯಾರಿಗೆ ಎಂದು ಅವಳಿಗೆ ತಿಳಿಯುವುದು ಅಮ್ಮ ಹೋದ ಮೇಲೆ: ಅವಳ ಮುಂದಿನ ಐವತ್ತು ಹುಟ್ಟುಹಬ್ಬಗಳಿಗೆ ಐವತ್ತು ಪತ್ರ. ನೋಡುವವರು ಸಾಮಾನ್ಯವಾಗಿ ಇಲ್ಲಿಗೇ ಕರಗಿಹೋಗುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಆಮೇಲಿನ ಒಂದೆರಡು ನಿಮಿಷ. ಆ ಮನೆಯಲ್ಲಿ ಏಳು ದಿನ ಮುಖದ ಗೆರೆ ಕದಲಿಸದೆ ಕೆಲಸ ಮಾಡಿದ ವೈಲೆಟ್ ತನ್ನ ಕಚೇರಿಗೆ ಹಿಂದಿರುಗಿ, ಜೊತೆಗಾರರ ನಡುವೆ ನಿಂತು, ಅಲ್ಲಿದ್ದಷ್ಟು ದಿನವೂ ತಡೆದುಕೊಂಡಿದ್ದೆ ಎಂದು ಅಳುತ್ತಾಳೆ. ನಿಮ್ಮ ಹನ್ನೊಂದು ದಿನಗಳನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಜಾತಿಯ ಅನಿಮೆಗಳಲ್ಲಿ ಅಳಲಾಗದ ಮನುಷ್ಯರು ಮತ್ತೆ ಮತ್ತೆ ಬರುತ್ತಾರೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ನಲ್ಲಿ ಗೆಳೆಯನ ಸಮಾಧಿಯ ಮುಂದೆ ನಿಂತ ಸೇನಾಧಿಕಾರಿ ಮಳೆ ಬರುತ್ತಿದೆ ಎನ್ನುತ್ತಾನೆ. ಆಕಾಶದಲ್ಲಿ ಮೋಡವಿರುವುದಿಲ್ಲ. 2023ರ ‘ಫ್ರೀರೆನ್’ನ ಮೊದಲ ಕಂತಿನಲ್ಲಿ, ಸಾವಿರ ವರ್ಷಕ್ಕೂ ಮೇಲೆ ಬದುಕಿರುವ ಮಾಂತ್ರಿಕಳೊಬ್ಬಳು ಹಳೆಯ ಸಂಗಾತಿ ಹಿಮ್ಮೆಲ್‌ನ ಅಂತ್ಯಕ್ರಿಯೆಗೆ ಬಂದು ಒಣಗಣ್ಣಲ್ಲಿ ನಿಂತಿರುತ್ತಾಳೆ. ಇವಳಿಗೆ ದುಃಖವೇ ಇದ್ದಂತಿಲ್ಲ ಎಂದು ನೆರೆದ ಜನ ಪಿಸುಗುಟ್ಟುತ್ತಾರೆ. ಎಲ್ಲ ಊರಿನಲ್ಲೂ ಒಬ್ಬ ಚಿಕ್ಕಮ್ಮ ಇರುತ್ತಾರೆ ನೋಡಿ. ಮಣ್ಣು ಮಾಡುವ ಹೊತ್ತಿಗೆ ಅವಳಿಗೆ ಅಳು ಬರುತ್ತದೆ. ಮನುಷ್ಯರ ಆಯಸ್ಸು ಚಿಕ್ಕದೆಂದು ಗೊತ್ತಿದ್ದೂ ಇವನನ್ನು ಇನ್ನಷ್ಟು ತಿಳಿದುಕೊಳ್ಳಲು ಏಕೆ ಪ್ರಯತ್ನಿಸಲಿಲ್ಲ ಎಂಬುದು ಅವಳ ಸಂಕಟ. ಮೊದಲ ಭಾಗದ ಉಳಿದ ಇಪ್ಪತ್ತೇಳು ಕಂತುಗಳು ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಡೆಯುತ್ತವೆ.

ಇನ್ನು ನಿಮ್ಮ ಅಣ್ಣನ ಮಾತಿಗೆ ಬರೋಣ. ಬೊಂಬೆಗೆ ಅಳುವುದು ನಮಗೆ ಹೊಸದೇನಲ್ಲ. ಗೋವಿನ ಹಾಡು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳದೆ ದೊಡ್ಡವರಾದ ಕನ್ನಡಿಗರು ಕಡಿಮೆ. ಹಸು ಹುಲಿಯ ಜೊತೆ ಮಾತಾಡುವುದಿಲ್ಲ, ಹುಲಿ ನಾಚಿ ಪ್ರಾಣ ಬಿಡುವುದಿಲ್ಲ ಎಂದು ಗೊತ್ತಿದ್ದೇ ನಾವು ಅತ್ತೆವು. ಯಕ್ಷಗಾನದ ಹರಿಶ್ಚಂದ್ರ ಮುಖಕ್ಕೆ ಬಣ್ಣ ಹಚ್ಚಿಕೊಂಡವನು ಎಂದು ಯಾರೂ ನಗುವುದಿಲ್ಲ. ಶೋಕವನ್ನು ಬದುಕಿನಲ್ಲಿ ಕಂಡರೆ ಓಡುವ ಮನುಷ್ಯ ರಂಗದ ಮೇಲೆ ಅದನ್ನು ಹುಡುಕಿಕೊಂಡು ಹೋಗುತ್ತಾನಲ್ಲ ಎಂಬ ಪ್ರಶ್ನೆಯನ್ನು ನಮ್ಮ ರಸಮೀಮಾಂಸಕರು ಸಾವಿರ ವರ್ಷದ ಹಿಂದೆಯೇ ಚರ್ಚಿಸಿದರು. ಕಲೆಯಲ್ಲಿ ದುಃಖ ‘ನನ್ನದು’, ‘ಅವನದು’ ಎಂಬ ಗಡಿ ಕಳಚಿಕೊಂಡು ಎಲ್ಲರದಾಗುತ್ತದೆ, ಅದರಿಂದಲೇ ಅದನ್ನು ಸವಿಯಲು ಸಾಧ್ಯವಾಗುತ್ತದೆ ಎಂಬ ಅವರ ಉತ್ತರಕ್ಕಿಂತ ಒಳ್ಳೆಯ ಉತ್ತರ ನನಗೆ ನನ್ನ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ. ಅಂದಹಾಗೆ, ನಿಮ್ಮ ಅಣ್ಣ ತೊಂಬತ್ತರ ದಶಕದಲ್ಲಿ ದೂರದರ್ಶನದ ಭಾನುವಾರದ ಮೋಗ್ಲಿಯನ್ನು ನೋಡಿದವರಾಗಿದ್ದರೆ, ಅದೂ 1989ರ ಜಪಾನಿ ಅನಿಮೆಯೇ ಎಂದು ತಿಳಿಸಿಬಿಡಿ.

ಇವು ಅಳಿಸುವುದಕ್ಕೆಂದೇ ಮಾಡಿದವೇ? ಹೌದು, ಅದರಲ್ಲಿ ಮುಚ್ಚುಮರೆಯಿಲ್ಲ. ‘ಕ್ಲಾನಾಡ್’ನ ಮೂಲ 2004ರಲ್ಲಿ ಕೀ ಎಂಬ ಸಂಸ್ಥೆ ತಂದ ಓದುವ ಬಗೆಯ ಕಂಪ್ಯೂಟರ್ ಆಟ. ಆಡುವವರನ್ನು ಅಳಿಸುವ ಕಥೆಗಳಿಗೇ ಆ ಸಂಸ್ಥೆ ಹೆಸರಾದದ್ದು. ಮೊದಲರ್ಧದಲ್ಲಿ ನಗು, ತರಲೆ, ಸಣ್ಣಪುಟ್ಟ ದಿನಚರಿ. ಅದರ ಮೂಲಕ ಪಾತ್ರಗಳನ್ನು ಮನೆಯವರನ್ನಾಗಿ ಮಾಡಿ, ಆಮೇಲೆ ಪೆಟ್ಟು ಕೊಡುವುದು ಅವರ ಸಿದ್ಧ ವಿಧಾನ. ಅಷ್ಟೇಕೆ, 1975ರಲ್ಲಿ ಜಪಾನಿನ ಮಕ್ಕಳು ವರ್ಷವಿಡೀ ವಾರಕ್ಕೊಂದರಂತೆ ‘ಎ ಡಾಗ್ ಆಫ್ ಫ್ಲಾಂಡರ್ಸ್’ನ 52 ಕಂತು ನೋಡಿ, ಕೊನೆಯಲ್ಲಿ ಆಂಟ್‌ವರ್ಪ್ ನಗರದ ಚರ್ಚಿನಲ್ಲಿ ಹುಡುಗನೂ ನಾಯಿಯೂ ಚಳಿಗೆ ಸಾಯುವುದನ್ನು ಕಂಡರು. ಆ ಚರ್ಚನ್ನು ನೋಡಲು ಜಪಾನಿನಿಂದ ಇಂದಿಗೂ ಪ್ರವಾಸಿಗರು ಹೋಗುತ್ತಾರೆ.

ಲೆಕ್ಕ ಹಾಕಿ ಮಾಡಿದ್ದೆಲ್ಲ ಮೋಸವಾಗುವುದಾದರೆ ಸಂಗೀತ ಕಚೇರಿಯೂ ಮೋಸವೇ. ಉಪಾಯವಿದೆಯೇ ಎಂದು ಕೇಳುವುದಕ್ಕಿಂತ ಆ ಉಪಾಯಕ್ಕೆ ತಕ್ಕ ಬೆಲೆ ತೆತ್ತಿದ್ದಾರೆಯೇ ಎಂದು ಕೇಳಬೇಕು. ‘ಕ್ಲಾನಾಡ್’ ತೆತ್ತಿದೆ. ಎರಡೂ ಭಾಗ ಸೇರಿ ನಲವತ್ತಕ್ಕೂ ಹೆಚ್ಚು ಕಂತು, ಒಂದೊಂದೂ ಇಪ್ಪತ್ತನಾಲ್ಕು ನಿಮಿಷದ ಆಸುಪಾಸು. ಅಷ್ಟು ಹೊತ್ತು ಜೊತೆಗಿದ್ದವರು ಯಾರೇ ಆಗಲಿ, ಹೋದರೆ ನೋವಾಗುತ್ತದೆ. ಮೊದಲ ಭಾಗದ ಪ್ರತಿ ಕಂತಿನ ಕೊನೆಗೆ ಮಕ್ಕಳ ಪ್ರಾಸದಂಥ ಒಂದು ಡಾಂಗೋ ಹಾಡು ಬರುತ್ತಿತ್ತು, ನೆನಪಿದೆಯೇ? ಅಕ್ಕಿ ಹಿಟ್ಟಿನ ಉಂಡೆಗಳ ದೊಡ್ಡ ಸಂಸಾರದ ಹಾಡು. ನಗೀಸಳ ಹಿನ್ನೆಲೆ ಸಂಗೀತವೂ ಅದೇ ರಾಗ. ಸುಖದ ದಿನಗಳ ಜೊತೆ ಆ ರಾಗ ನಿಮ್ಮ ಕಿವಿಯಲ್ಲಿ ಮೊದಲೇ ಬೆಸೆದುಕೊಂಡಿತ್ತು. ಅವಳಿಲ್ಲದ ಮೇಲೆ ಅದೇ ರಾಗ ಮೆಲ್ಲಗೆ ಕೇಳಿಬಂದಾಗ ಯೋಚನೆಗಿಂತ ಮುಂಚೆ ಗಂಟಲು ಬಿಗಿಯುತ್ತದೆ.

ಚಿತ್ರದಲ್ಲೂ ಒಂದು ಗುಟ್ಟಿದೆ. 1963ರ ಜನವರಿಯಲ್ಲಿ ಜಪಾನಿನ ಚಿತ್ರಕಾರ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಎಂಬ ಟಿವಿ ಸರಣಿ ಶುರು ಮಾಡಿದಾಗ ವಾರಕ್ಕೊಂದು ಕಂತು ಕೊಡುವಷ್ಟು ಹಣವೂ ಇರಲಿಲ್ಲ, ಕೈಗಳೂ ಇರಲಿಲ್ಲ. ಹಾಗಾಗಿ ಕಡಿಮೆ ಚಿತ್ರ ಬರೆದರು. ಒಂದೇ ಚಿತ್ರವನ್ನು ನಿಲ್ಲಿಸಿ ಕ್ಯಾಮೆರಾ ಸರಿಸಿದರು, ತುಟಿಯನ್ನಷ್ಟೇ ಆಡಿಸಿದರು. ಬಡತನಕ್ಕೆ ಹುಟ್ಟಿದ ಈ ಅಭ್ಯಾಸ ಮುಂದಿನವರ ಕೈಯಲ್ಲಿ ಭಾವದ ಸಾಧನವಾಯಿತು. ನಿಂತ ಚಿತ್ರ, ಖಾಲಿ ಕೋಣೆ, ಕಿಟಕಿಯ ಬೆಳಕು, ಅದರ ಮೇಲೆ ಬರೀ ದನಿ. ಪರದೆಯ ಮೇಲೆ ಏನೂ ನಡೆಯದ ಆ ಹೊತ್ತನ್ನು ನೋಡುವವರು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಾರೆ. ನೀವು ಅಲ್ಲಿ ಅಜ್ಜಿಯನ್ನು ತುಂಬಿದ್ದೀರಿ. ನಟಿಯೊಬ್ಬಳ ಮುಖವಾಗಿದ್ದರೆ ಅದು ಆ ನಟಿಯ ಮುಖವಾಗಿಯೇ ಉಳಿಯುತ್ತಿತ್ತು. ನಾಲ್ಕು ಗೆರೆಯ ಮುಖದಲ್ಲಿ ಜಾಗ ಹೆಚ್ಚು. ಇದು ನನ್ನ ಅನಿಸಿಕೆ, ಸಂಶೋಧನೆ ಎಂದು ಹೇಳುವುದಿಲ್ಲ.

ಎಲ್ಲವೂ ಹೀಗೆ ಬೆಲೆ ತೆರುವುದಿಲ್ಲ. 2011ರ ‘ಅನೊಹನ’ ಹನ್ನೊಂದೇ ಕಂತಿನ ಸರಣಿ. ಬಾಲ್ಯದಲ್ಲಿ ಸತ್ತ ಗೆಳತಿ ಮೆನ್ಮಾ ಕಣ್ಣಿಗೆ ಕಾಣಿಸಿಕೊಂಡು, ಚದುರಿಹೋದ ಗೆಳೆಯರ ಗುಂಪು ಮತ್ತೆ ಒಂದಾಗುವ ಕಥೆ. ಮೊದಲ ಕಂತುಗಳಲ್ಲಿ ಆ ಹುಡುಗ ಹುಡುಗಿಯರ ತಪ್ಪಿತಸ್ಥ ಭಾವವನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಿದ್ದಾರೋ ಕೊನೆಯ ಕಂತಿನಲ್ಲಿ ಅಷ್ಟೇ ಗಟ್ಟಿಯಾಗಿ ಎಲ್ಲರನ್ನೂ ಅಳಿಸಿದ್ದಾರೆ. ಪರದೆಯ ಮೇಲೆ ಐವರು ಬಿಕ್ಕುತ್ತಿದ್ದರೆ ನನಗೆ ಅಳಲು ಜಾಗವೇ ಉಳಿಯುವುದಿಲ್ಲ. ‘ಯುವರ್ ಲೈ ಇನ್ ಏಪ್ರಿಲ್’ನಲ್ಲಿ ಪಿಯಾನೊ ನುಡಿಸುವ ಹುಡುಗ ವೇದಿಕೆಯ ಮೇಲೆ ತನ್ನದೇ ಸ್ವರ ಕೇಳಿಸದೆ ನರಳುವ ಭಾಗ ಅಪ್ಪಟ. ಅವನ ಗೆಳತಿಯ ಕಾಯಿಲೆಯನ್ನು ಕಥೆಗೆ ಬೇಕಾದಾಗ ಎಳೆದು ತರುವುದು ಅಷ್ಟು ಅಪ್ಪಟವಲ್ಲ. ಇದನ್ನು ಒಪ್ಪದ ಅಭಿಮಾನಿಗಳು ಬಹಳ ಇದ್ದಾರೆ, ಇರಲಿ.

ಈಗ ಕಾಯಿಲೆಯ ಪ್ರಶ್ನೆ. ಕಥೆಗೆ ಅತ್ತದ್ದು ಖಿನ್ನತೆಯ ಲಕ್ಷಣವಲ್ಲ. ತೀವ್ರ ಖಿನ್ನತೆಯಲ್ಲಿರುವ ಎಷ್ಟೋ ಜನ ನನ್ನೆದುರು ಹೇಳುವುದು, ಅಳಬೇಕೆನಿಸಿದರೂ ಅಳು ಬರುವುದಿಲ್ಲ, ಏನೂ ತಟ್ಟುವುದಿಲ್ಲ ಎಂದು. ಖಿನ್ನತೆ ಎನ್ನಲು ಎರಡು ವಾರವಾದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಾಗಬೇಕು. ಅದರ ಜೊತೆ ನಿದ್ದೆ, ಹಸಿವು, ಏಕಾಗ್ರತೆ ಕೆಡುವುದು, ಸುಸ್ತು, ನಾನು ಯಾವುದಕ್ಕೂ ಬಾರದವನು ಎಂಬ ಭಾವ, ಸಾವಿನ ಯೋಚನೆ ಇವುಗಳಲ್ಲಿ ಕೆಲವು ಸೇರಿರಬೇಕು. ನಿಮ್ಮ ಪತ್ರದಲ್ಲಿ ಅವು ಕಾಣುತ್ತಿಲ್ಲ. ಬೇರೆಯವರ ನೋವನ್ನು ಪರದೆಯ ಮೇಲೆ ಕಂಡು ಕರಗಿದವರು, ಹೆಂಡತಿಯ ಗಾಬರಿಯನ್ನು ಗಮನಿಸಿದವರು, ಅಮ್ಮನ ಬಗ್ಗೆ ಯೋಚಿಸಿದವರು ನೀವು.

ದೀರ್ಘ ಶೋಕ ಎಂಬ ಇನ್ನೊಂದು ಸ್ಥಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಆರು ತಿಂಗಳು, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೊಡ್ಡವರಿಗೆ ಒಂದು ವರ್ಷ ಕಳೆದರೂ ಹೋದವರ ಹಂಬಲ ದಿನನಿತ್ಯದ ಬದುಕನ್ನೇ ಹಿಡಿದು ನಿಲ್ಲಿಸಿದ್ದರೆ ಅದನ್ನು ಹಾಗೆ ಕರೆಯುತ್ತಾರೆ. ನೀವು ಕೆಲಸಕ್ಕೆ ಹೋಗುತ್ತಿದ್ದೀರಿ, ನಗುತ್ತಿದ್ದೀರಿ. ತಡವಾಗಿ ಬಂದ ದುಃಖಕ್ಕೆ ಕಾಯಿಲೆಯ ಹೆಸರು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಅಳುವಿನ ಬಗ್ಗೆ ಇದಕ್ಕೆ ವಿರುದ್ಧವಾದ ನಂಬಿಕೆಯೂ ಒಂದಿದೆ. ಅತ್ತರೆ ಒತ್ತಡದ ವಿಷವೆಲ್ಲ ಕಣ್ಣೀರಿನಲ್ಲಿ ಹರಿದುಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಅಳಿ ಎನ್ನುವವರಿದ್ದಾರೆ. ಇದಕ್ಕೆ ಗಟ್ಟಿ ಆಧಾರವಿಲ್ಲ. 2015ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ದುಃಖದ ಸಿನಿಮಾ ನೋಡಿ ಅತ್ತವರ ಮನಸ್ಸು ಮೊದಲು ಇನ್ನಷ್ಟು ಕುಗ್ಗಿತ್ತು. ಇಪ್ಪತ್ತು ನಿಮಿಷದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂತು, ಒಂದೂವರೆ ಗಂಟೆ ಕಳೆದ ಮೇಲೆ ಸಿನಿಮಾಕ್ಕೆ ಮುಂಚೆ ಇದ್ದುದಕ್ಕಿಂತ ಹಗುರವಾಗಿತ್ತು. ಅಳದವರಲ್ಲಿ ಅಂಥ ಏರಿಳಿತ ಇರಲಿಲ್ಲ. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ಅತ್ತ ತಕ್ಷಣ ಮುಂದಿನ ಕಂತು ಒತ್ತಬೇಡಿ. ನಿಮ್ಮ ಮನಸ್ಸು ತಳಕ್ಕೆ ಇಳಿದಿರುವ ಹೊತ್ತಿನಲ್ಲೇ ಐದು ಸೆಕೆಂಡಿನಲ್ಲಿ ಮುಂದಿನದು ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಯಾರು ಕಂಡುಹಿಡಿದರೋ ಅವರ ಮೇಲೆ ನನಗೆ ಸಿಟ್ಟಿದೆ. ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ನಿಲ್ಲಿಸಿ. ಈ ಸರಣಿಗಳು ಜಪಾನಿನಲ್ಲಿ ವಾರಕ್ಕೊಂದು ಕಂತು ಎಂದು ಪ್ರಸಾರವಾದವು, ನಡುವಿನ ಆರು ದಿನವೂ ಕಥೆಯ ಭಾಗವೇ ಆಗಿತ್ತು. ನೀವು ಅರ್ಧ ವರ್ಷದ ದುಃಖವನ್ನು ಹತ್ತು ರಾತ್ರಿಗಳಲ್ಲಿ ನುಂಗಿದರೆ ಅಜೀರ್ಣವಾಗುವುದು ಸಹಜ.

ಮುಗಿದ ಮೇಲಿನ ಆ ಒಂದು ವಾರದ ಖಾಲಿತನ? ಅದು ಬಹಳ ಜನಕ್ಕೆ ಆಗುತ್ತದೆ. ಪರದೆಯ ಮೇಲಿನವರ ಜೊತೆ ನಾವು ಏಕಮುಖವಾಗಿ ಬೆಳೆಸಿಕೊಳ್ಳುವ ನಂಟನ್ನು ಸಮಾಜವಿಜ್ಞಾನಿಗಳು 1956ರಷ್ಟು ಹಿಂದೆಯೇ ಗುರುತಿಸಿದ್ದರು. ಆ ನಂಟು ಕಡಿದಾಗ ಸಣ್ಣದೊಂದು ಅಗಲಿಕೆ ಆಗುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ, ನಿಮಗೂ ಆಯಿತು. ಹದಿನೈದು ದಿನವಾದರೂ ಬಿಡದಿದ್ದರೆ ಸರಣಿಯನ್ನು ದೂರುವುದು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಹಾಗಾದರೆ ಏನು ಮಾಡಬೇಕು? ನಿಲ್ಲಿಸಿಬಿಡುವುದು ಒಂದು ದಾರಿ. ತಕ್ಷಣಕ್ಕೆ ನೆಮ್ಮದಿ ಸಿಗಬಹುದು. ಆದರೆ ಬಿಗಿದು ನಿಲ್ಲುವುದರಲ್ಲಿ ನೀವು ಈಗಾಗಲೇ ನಿಪುಣರು, ಆ ಅಭ್ಯಾಸಕ್ಕೆ ಇನ್ನಷ್ಟು ನೀರೆರೆದಂತಾಗುತ್ತದೆ. ಮುಂದುವರಿಸುವುದು ಇನ್ನೊಂದು, ಅದಕ್ಕೆ ನನ್ನ ಒಪ್ಪಿಗೆಯಿದೆ. ಅದರಲ್ಲಿರುವ ಅಪಾಯವೆಂದರೆ ಅನಿಮೆಯನ್ನು ಮಾತ್ರೆಯ ಹಾಗೆ ಬಳಸಲು ಶುರು ಮಾಡುವುದು. ಅಜ್ಜಿಯ ನೆನಪು ಬಂದಾಗಲೆಲ್ಲ ಅವರ ಫೋಟೊ ತೆಗೆಯದೆ ಹದಿನೆಂಟನೇ ಕಂತನ್ನೇ ತೆರೆಯುವುದು ಅಭ್ಯಾಸವಾದರೆ, ಕಥೆ ದಾರಿಯಾಗುವ ಬದಲು ಸುತ್ತುದಾರಿಯಾಗುತ್ತದೆ. ನಿದ್ದೆ ಕೆಟ್ಟು ಕೆಲಸಕ್ಕೆ ತೊಂದರೆಯಾಗುವಷ್ಟು ಬೆಳೆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೂ ಇಂಥ ಪರದೆ ಬಳಕೆಗೆಂದೇ ಒಂದು ಚಿಕಿತ್ಸಾಲಯವಿದೆ.

ಮೂರನೆಯ ದಾರಿ ಸ್ವಲ್ಪ ಕಷ್ಟದ್ದು, ನಾನು ಒತ್ತಿ ಹೇಳುವುದೂ ಅದನ್ನೇ. ಕಥೆ ತೆರೆದ ಬಾಗಿಲಿನಿಂದ ಅಜ್ಜಿಯ ಕಡೆ ಹೋಗಿ. ಹೆಂಡತಿಗೆ ಸರಣಿಯ ಕಥೆ ಹೇಳುವುದನ್ನು ಬಿಟ್ಟು ಅಜ್ಜಿಯ ಬಗ್ಗೆ ಹೇಳಿ. ಆ ಹನ್ನೊಂದು ದಿನಗಳಲ್ಲಿ ಯಾವುದನ್ನು ಮಾಡಲು ಪುರುಸೊತ್ತಾಗಲಿಲ್ಲ ಎಂದು ಹೇಳಿ. ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಅಜ್ಜಿಯ ಪೆಟ್ಟಿಗೆ ತೆರೆಯಿರಿ, ಸೀರೆಗಳನ್ನು ಯಾರಿಗೆ ಕೊಡಬೇಕೆಂದು ಇನ್ನೂ ತೀರ್ಮಾನವಾಗಿರಲಿಕ್ಕಿಲ್ಲ. ಬರೆಯುವ ಅಭ್ಯಾಸವಿದ್ದರೆ ಅಜ್ಜಿಗೊಂದು ಪತ್ರ ಬರೆಯಿರಿ. ವೈಲೆಟ್ ಮೆಚ್ಚುವ ಕೆಲಸ. ಮೊದಲು ಇದರಿಂದ ಭಾರ ಹೆಚ್ಚಾಗಬಹುದು, ಒಂದೆರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲದಿರಬಹುದು. ಕೆಲಸದ ಒತ್ತಡ ಹೆಚ್ಚಿರುವ ವಾರದಲ್ಲಿ ಇದನ್ನು ಶುರು ಮಾಡಬೇಡಿ.

ನಾಲ್ಕನೆಯದು ಸಮಾಲೋಚಕರ ಬಳಿ ಹೋಗುವುದು. ನಿಮಗೆ ಈಗ ಅದು ಅನಿವಾರ್ಯವಲ್ಲ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಅಜ್ಜಿಯ ಜೊತೆ ನಾನೂ ಹೋಗಿದ್ದರೆ ಚೆನ್ನಾಗಿತ್ತು ಎಂಬಂಥ ಯೋಚನೆ ಬಂದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಅಂಥ ಯೋಚನೆಗಳಿರುವ ಯಾರೇ ಆಗಲಿ, ಆತ್ಮಹತ್ಯೆಯ ವಿಷಯವನ್ನು ನೇರವಾಗಿ ಮುಟ್ಟುವ ‘ಎ ಸೈಲೆಂಟ್ ವಾಯ್ಸ್’, ‘ಆರೆಂಜ್’ನಂಥವನ್ನು ಒಂಟಿಯಾಗಿ ರಾತ್ರಿ ನೋಡಬಾರದು. ಕೃತಿಗಳಲ್ಲಿ ದೋಷವಿಲ್ಲ, ಹೊತ್ತು ಸರಿಯಿಲ್ಲ.

ಹೆಂಡತಿಯ ಗಾಬರಿಗೆ ಒಂದು ಮಾತು. ನಲವತ್ತು ಕಂತು ನೋಡಿದರೆ ನಿನಗೂ ಅರ್ಥವಾಗುತ್ತದೆ ಎಂದು ಅವರನ್ನು ಕೂರಿಸಬೇಡಿ, ಅಭಿಮಾನಿಗಳೆಲ್ಲ ಮಾಡುವ ತಪ್ಪು ಅದು. ‘ವೈಲೆಟ್’ನ ಹತ್ತನೇ ಕಂತು ಹೆಚ್ಚುಕಡಿಮೆ ತಾನಾಗಿಯೇ ನಿಲ್ಲುತ್ತದೆ, ಹಿಂದಿನದನ್ನು ಎರಡು ವಾಕ್ಯದಲ್ಲಿ ಹೇಳಿ ಅದೊಂದನ್ನೇ ತೋರಿಸಿ. ಅವರು ಅಳದಿದ್ದರೆ ಅವರ ಮನಸ್ಸೂ ಕಲ್ಲೆಂದು ತಿಳಿಯಬೇಡಿ.

ಅಮ್ಮನಿಗೆ ಮಾತ್ರ ಆ ಕಂತನ್ನು ಮೊದಲಿಗೇ ತೋರಿಸಬೇಡಿ. ನಿಮಗೆ ಅಜ್ಜಿ, ಅವರಿಗೆ ಹೆತ್ತ ತಾಯಿ. ತಾಯಿ ತೀರಿಕೊಂಡು ಮಗಳು ಉಳಿಯುವ ಕಥೆಯನ್ನು ಎಚ್ಚರಿಕೆ ಕೊಡದೆ ಮುಂದಿಡುವುದು ಸರಿಯಲ್ಲ. 2011ರ ‘ಉಸಾಗಿ ಡ್ರಾಪ್’ ತೋರಿಸಬಹುದು. ಅಜ್ಜನ ಅಂತ್ಯಕ್ರಿಯೆಗೆ ಬಂದ ಮೂವತ್ತು ವರ್ಷದ ಮೊಮ್ಮಗ, ಅಜ್ಜ ಬಿಟ್ಟುಹೋದ ಆರು ವರ್ಷದ ಹುಡುಗಿ ರಿನ್‌ಳನ್ನು ಯಾರು ನೋಡಿಕೊಳ್ಳಬೇಕೆಂದು ನೆಂಟರು ಜಗ್ಗಾಡುವುದನ್ನು ಕಂಡು ರೇಗಿ, ನನ್ನ ಜೊತೆ ಬಾ ಎನ್ನುತ್ತಾನೆ. ಆಮೇಲಿನದೆಲ್ಲ ಶಾಲೆ, ಬಟ್ಟೆ, ಜ್ವರ, ಊಟದ ಡಬ್ಬಿ. ಹನ್ನೊಂದೇ ಕಂತು. ಸಾವಿನ ಮನೆಯ ನೆಂಟರ ಜಗಳ ನಿಮ್ಮ ಅಮ್ಮನಿಗೆ ವಿವರಿಸಬೇಕಾಗಿಲ್ಲ. ಇಂಥವು ಕನ್ನಡಕ್ಕೆ ಡಬ್ ಆಗಿ ಸಿಗುವುದು ಅಪರೂಪ, ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ವೇಗವಾಗಿ ಓದುವುದು ಅವರಿಗೆ ಕಷ್ಟವಾಗಬಹುದು. ಪಕ್ಕದಲ್ಲಿ ಕೂತು ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ, ನಡುನಡುವೆ ನಿಲ್ಲಿಸಿ. ಅವರು ಕಥೆ ಬಿಟ್ಟು ಅಜ್ಜಿಯ ಮಾತು ತೆಗೆದರೆ ಮತ್ತೆ ಶುರು ಮಾಡಲು ಆತುರಪಡಬೇಡಿ. ಇದರ ಮೂಲವಾದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಯ ಪುಸ್ತಕ ಓದಲು ಮನಸ್ಸಾದರೆ ಅನಿಮೆ ಮುಗಿಯುವ ಜಾಗದಲ್ಲೇ ನೀವೂ ನಿಲ್ಲಿಸಿ. ಮುಂದಿನ ಭಾಗ ಹಿಡಿದ ದಾರಿ ನನ್ನಂಥ ಅನೇಕ ಅಭಿಮಾನಿಗಳಿಗೆ ಇಂದಿಗೂ ಗಂಟಲಲ್ಲಿ ಇಳಿದಿಲ್ಲ.

ನಿಮಗೆ ಮುಂದಿನದು ‘ಫ್ರೀರೆನ್’. ಮೊದಲ ಭಾಗದ 28 ಕಂತುಗಳನ್ನು ವಾರಕ್ಕೆ ಎರಡರಂತೆ ನೋಡಿ. ಮೊದಲ ಕಂತನ್ನು ಮರುದಿನ ರಜೆಯಿರುವ ರಾತ್ರಿಗೆ ಇಟ್ಟುಕೊಳ್ಳಿ. ನೋಡುವಾಗ ಹೆಂಡತಿ ಮನೆಯಲ್ಲಿರಲಿ.